ಸಬ್‌ವೂಫರ್ ಬೇಕಾ, ಬೇಡ್ವಾ? ತರೋ ಮುಂಚೆ ಹೀಗೆ ನೋಡಿ

ಸೌಂಡ್‌ಬಾರ್‌ಗೆ ಸಬ್‌ವೂಫರ್ (ಬೇಸ್, ಅಂದರೆ ದಪ್ಪ ಗುಡುಗು ಸದ್ದಿಗೇ ಇರೋ ಸ್ಪೀಕರ್) ತರೋ ಮುಂಚೆ ಮೊಬೈಲ್‌ಗೆ ಒಂದು ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ಎಷ್ಟು ಹರ್ಟ್ಜ್ ಅಂತ ಹೇಳಿದರೆ ಅಷ್ಟರ ಸದ್ದು ಕೊಡುತ್ತದೆ; ಹರ್ಟ್ಜ್ ಇಳಿದಂತೆ ಸದ್ದು ದಪ್ಪವಾಗುತ್ತದೆ. ಬ್ಲೂಟೂತ್‌ನಲ್ಲಿ ಬಾರ್‌ಗೆ ಜೋಡಿಸಿ, ದಿನಾ ಟಿವಿ ನೋಡುವಷ್ಟೇ ಸೌಂಡ್ ಇಟ್ಟು, 150 ಹರ್ಟ್ಜ್‌ನಿಂದ ನಿಧಾನವಾಗಿ ಇಳಿಸುತ್ತಾ ಬನ್ನಿ. 80–100ರ ಹತ್ತಿರವೇ ಸೌಂಡ್ ಸೊರಗಿದರೆ, ಇಲ್ಲವೇ ಬಾರ್ ಗರಗರ ಅಂದರೆ, ಸಬ್‌ವೂಫರ್ ಹಾಕಿದ್ದು ಚೆನ್ನಾಗಿ ಗೊತ್ತಾಗುತ್ತದೆ. 50ರವರೆಗೂ ಗಟ್ಟಿಯಾಗಿ ಬಂದರೆ ಸದ್ಯಕ್ಕೆ ದುಡ್ಡು ಉಳಿಸಿ. ಸಾಮಾನ್ಯವಾಗಿ ಬಾರ್‌ನೊಳಗಿನ ಸ್ಪೀಕರ್‌ಗಳು ಚಿಕ್ಕವು, ಬೇಸ್‌ಗೆ ಬೇಕಾದಷ್ಟು ಗಾಳಿ ತಳ್ಳಲು ಅವಕ್ಕೆ ಆಗಲ್ಲ. ಹಾಗಾಗಿ ತಮಟೆಯ ಏಟು ಕೇಳುತ್ತದೆ, ಡೊಳ್ಳಿನ ಗುಡುಗು ಕೇಳಲ್ಲ. ನೈಟ್ ಮೋಡ್ (ರಾತ್ರಿ ಹೊತ್ತಿಗೆ ಬೇಸ್ ತಗ್ಗಿಸೋ ಸೆಟ್ಟಿಂಗ್) ಆನ್ ಇದ್ದರೆ ಈ ಪರೀಕ್ಷೆ ಕೈಕೊಡುತ್ತದೆ, ಮೊದಲು ಅದನ್ನು ಆಫ್ ಮಾಡಿ. ಕೂತಲ್ಲೇ ಕೇಳಿ ತೀರ್ಮಾನಿಸಬೇಡಿ, ಎದ್ದು ನಾಲ್ಕು ಹೆಜ್ಜೆ ಓಡಾಡಿ; ಗೋಡೆಗೆ ಬಡಿದು ಬರೋ ಅಲೆಗಳು ಕೆಲವು ಜಾಗದಲ್ಲಿ ಬೇಸನ್ನೇ ನುಂಗಿಬಿಡುತ್ತವೆ. ಮಾತು ಸರಿಯಾಗಿ ಕೇಳಿಸಲ್ಲ ಅನ್ನೋ ತೊಂದರೆಗಂತೂ ಸಬ್‌ವೂಫರ್ ಮದ್ದಲ್ಲ. ದಾವಣಗೆರೆಯ ಕೆ.ಟಿ.ಜೆ. ನಗರ, ವಿನೋಬನಗರದ ಕಡೆ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿರೋರು ಇದನ್ನೂ ಯೋಚಿಸಿ: ಬೇಸ್ ಸುಲಭವಾಗಿ ಗೋಡೆ ದಾಟುತ್ತದೆ, ಪಕ್ಕದ ಮನೆಯಲ್ಲಿ ಓದೋ ಮಕ್ಕಳಿರುತ್ತಾರಲ್ವಾ. ಇನ್ನೊಂದು, ಬಾರ್‌ನಲ್ಲಿ ಸಬ್ ಔಟ್ ಪಿನ್ (ಸಬ್‌ವೂಫರ್‌ನ ವೈರ್ ಚುಚ್ಚೋ ಜಾಗ) ಇಲ್ಲದಿದ್ದರೆ ಸಾಮಾನ್ಯವಾಗಿ ಅದೇ ಕಂಪನಿಯ, ಆ ಮಾಡೆಲ್‌ಗೆ ಹೊಂದುವ ಸಬ್‌ವೂಫರ್ ಮಾತ್ರ ಕೂಡುತ್ತದೆ. ಅಂಗಡಿಯಲ್ಲಿ ಮಾಡೆಲ್ ನಂಬರ್ ತೋರಿಸಿಯೇ ಕೇಳಿ.