ಟ್ರೇಲರ್ ಕೆಳಗೆ ಒಮ್ಮೆ ಬಗ್ಗಿ ನೋಡಿ: ಸವೆದ ಸ್ಪ್ರಿಂಗ್ ಬದಲಿಸುವುದು ಹೇಗೆ?

ಹೋದ ಬೇಸಿಗೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿ ವಾಪಸ್ ಬರುವಾಗ ಫ್ಲ್ಯಾಗ್‌ಸ್ಟಾಫ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ್ದೆವು. ಅಭ್ಯಾಸದಂತೆ ನಮ್ಮ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆ) ಸುತ್ತ ಒಂದು ಸುತ್ತು ಹಾಕಿದೆ. ಬಲಗಡೆಯ ಎರಡು ಟೈರುಗಳ ನಡುವಿನ ಸಂದು ಎಡಗಡೆಗಿಂತ ಕಮ್ಮಿ ಇತ್ತು. ಬಗ್ಗಿ ನೋಡಿದರೆ ಸ್ಪ್ರಿಂಗ್ ಗಟ್ಟಿಯಾಗೇ ಇತ್ತು, ಆದರೆ ಅದನ್ನು ಹಿಡಿದಿದ್ದ ಬೋಲ್ಟಿನ ಸುತ್ತಲಿನ ನೈಲಾನ್ ಬುಷ್ (ತಿಕ್ಕಾಟ ತಡೆಯುವ ತೆಳು ಕೊಳವೆ) ಪೂರ್ತಿ ಸವೆದು, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ, ಸ್ಪ್ರಿಂಗ್ ತುದಿ ಹಿಡಿಯುವ ಶಾಕಲ್ ಪಟ್ಟಿಯ ತೂತು ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಇನ್ನು ಸ್ವಲ್ಪ ದೂರ ಹೋಗಿದ್ದರೆ ಅದು ಹರಿದೇ ಹೋಗುತ್ತಿತ್ತು.

ಅದಕ್ಕೇ ಹೇಳುವುದು, ಸ್ಪ್ರಿಂಗ್ ನೋಡುವ ಮೊದಲು ಅದನ್ನು ಹಿಡಿದಿರುವ ಸಣ್ಣ ಸಾಮಾನು ನೋಡಿ. ಮೊದಲು ಸವೆಯುವುದು ಅವೇ.

ಅಮೆರಿಕದಲ್ಲಿ ಓಡಾಡುವ ಹೆಚ್ಚಿನ ಟ್ರಾವೆಲ್ ಟ್ರೇಲರ್‌ಗಳಲ್ಲಿ ಇರುವುದು ನಮ್ಮೂರ ಲಾರಿಗಳಲ್ಲಿ ಇರುವಂಥದ್ದೇ ಬ್ಲೇಡ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು), ಗಾತ್ರ ಮಾತ್ರ ಚಿಕ್ಕದು. ಎರಡು ಆಕ್ಸಲ್ (ಎರಡು ಬದಿಯ ಚಕ್ರ ಕೂಡಿಸುವ ಅಡ್ಡ ದಂಡ) ಇದ್ದರೆ ನಾಲ್ಕು ಸ್ಪ್ರಿಂಗ್. ಒಂದೊಂದು ಬದಿಯ ಎರಡು ಸ್ಪ್ರಿಂಗ್‌ಗಳ ನಡುವೆ ಈಕ್ವಲೈಜರ್ ಅನ್ನುವ ಕಬ್ಬಿಣದ ತುಂಡು ತಕ್ಕಡಿಯ ಹಾಗೆ ಆಡುತ್ತದೆ. ಒಂದು ಚಕ್ರ ಗುಂಡಿಗೆ ಬಿದ್ದರೆ ಭಾರವನ್ನು ಇನ್ನೊಂದಕ್ಕೆ ಹಂಚುತ್ತದೆ. ಸ್ಪ್ರಿಂಗ್ ಮತ್ತು ಈಕ್ವಲೈಜರ್ ಅನ್ನು ಕೂಡಿಸುವ ಪಟ್ಟಿಗಳೇ ಶಾಕಲ್. ಏರ್‌ಸ್ಟ್ರೀಮ್ ಥರದ ಕೆಲವು ಟ್ರೇಲರ್‌ಗಳಲ್ಲಿ ಬ್ಲೇಡ್ ಇರುವುದಿಲ್ಲ, ಆಕ್ಸಲ್ ಒಳಗೆ ರಬ್ಬರ್ ಇರುತ್ತದೆ. ಅಂಥವಕ್ಕೆ ಈ ಕೆಲಸ ಬೇಕಿಲ್ಲ.

ಏನು ನೋಡಬೇಕು

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿ. ಬ್ಲೇಡಿಗೆ ಅಡ್ಡವಾಗಿ ತುಕ್ಕಿನ ಸಣ್ಣ ಗೆರೆ ಕಂಡರೆ ಅದು ಬಿರುಕು ಇರಬಹುದು, ವೈರ್ ಬ್ರಷ್ ಹಾಕಿ ಉಜ್ಜಿ ಖಾತ್ರಿ ಮಾಡಿಕೊಳ್ಳಿ. ಚಕ್ರದ ಮೇಲಿನ ಗೂಡಿನಲ್ಲಿ ಟೈರ್ ಉಜ್ಜಿದ ಕಪ್ಪು ಗುರುತು ಇದೆಯಾ? ಆಕ್ಸಲ್‌ನಿಂದ ಫ್ರೇಮಿಗೆ ಇರುವ ಎತ್ತರ ಎರಡೂ ಬದಿ ಒಂದೇ ಇದೆಯಾ? ಟೇಪ್ ಹಿಡಿದು ಅಳೆಯಿರಿ. ಸ್ಪ್ರಿಂಗ್ ಚಪ್ಪಟೆಯಾಗಿ ಕಂಡ ಕೂಡಲೇ ಗಾಬರಿ ಬೇಡ, ಭಾರ ತುಂಬಿದಾಗ ಕೆಲವು ಹೆಚ್ಚುಕಮ್ಮಿ ನೇರವಾಗೇ ಕಾಣುತ್ತವೆ. ಉಲ್ಟಾ ಬಾಗಿದ್ದರೆ ಮಾತ್ರ ಅದರ ಕಾಲ ಮುಗಿದಿದೆ.

ಊರಲ್ಲಾದರೆ ಬ್ಲೇಡ್ ವರ್ಕ್ಸ್‌ಗೆ ಒಯ್ದು ಹೊಡೆಸಿ ಮತ್ತೆ ಬಾಗಿಸಿಕೊಂಡು ಬರುತ್ತೇವೆ, ಅಲ್ವಾ? ಟ್ರೇಲರ್ ಸ್ಪ್ರಿಂಗ್‌ಗೆ ಆ ಖಟಪಟಿ ಬೇಡ. ಹೊಸದನ್ನೇ ತನ್ನಿ, ಒಂದು ಸವೆದಿದ್ದರೂ ನಾಲ್ಕನ್ನೂ ಬದಲಿಸಿ. ಹಳೆಯದರ ಪಕ್ಕ ಹೊಸದು ಕೂತರೆ ಟ್ರೇಲರ್ ಒಂದು ಕಡೆ ವಾಲುತ್ತದೆ.

ತರುವ ಮೊದಲು ಅಳತೆ ಸರಿ ಇರಲಿ. ಸ್ಪ್ರಿಂಗಿನ ಎರಡು ತುದಿಯ ಕಣ್ಣುಗಳ (ಬೋಲ್ಟ್ ಹೋಗುವ ತೂತು) ಮಧ್ಯದಿಂದ ಮಧ್ಯಕ್ಕೆ ಉದ್ದ, ಅಗಲ, ಎಷ್ಟು ಬ್ಲೇಡ್, ಎಷ್ಟು ದಪ್ಪ ಅಂತ ಬರೆದುಕೊಳ್ಳಿ. ಆಕ್ಸಲ್ ಮೇಲಿನ ಚೀಟಿಯಲ್ಲಿ ಅದು ಎಷ್ಟು ಹೊರುತ್ತದೆ ಅಂತ ಇರುತ್ತದೆ. 3,500 ಪೌಂಡಿನ ಆಕ್ಸಲ್‌ಗೆ 1,750 ಪೌಂಡಿನ ಎರಡು ಸ್ಪ್ರಿಂಗ್. ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿದರೆ ಜಾಸ್ತಿ ಭಾರ ಹೊರಬಹುದು ಅನ್ನುವುದು ತಪ್ಪು. ಆಕ್ಸಲ್, ಟೈರ್, ಫ್ರೇಮ್ ಹಳೆಯವೇ ಅಲ್ವಾ? ಒಳಗಿನ ಕಪಾಟುಗಳು ಅಲುಗಾಡುವುದಷ್ಟೇ ಲಾಭ. ನಿಜವಾದ ಭಾರ ತಿಳಿಯಬೇಕಾದರೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಗಾಡಿ ತೂಗುವ ತಕ್ಕಡಿ) ಮೇಲೆ ತೂಗಿಸಿ. ಅಕ್ಕಿ ಚೀಲ, ಕುಕ್ಕರ್, ಗ್ರೈಂಡರ್ ಎಲ್ಲ ತುಂಬಿಕೊಂಡು ಹೊರಡುವವರು ನಾವು. 40 ಗ್ಯಾಲನ್ ನೀರೇ ಸುಮಾರು 330 ಪೌಂಡ್ ಆಗುತ್ತದೆ.

ಬಿಚ್ಚುವುದು

ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಟ್ರೇಲರ್ ಗಾಡಿಗೆ ಹುಕ್ ಆಗಿಯೇ ಇರಲಿ, ಆಚೆ ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟಿ. ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಜಾಕ್. ಜಾಕನ್ನು ಫ್ರೇಮಿಗೇ ಕೊಡಬೇಕು, ಆಕ್ಸಲ್ ಕೊಳವೆಗೆ ಕೊಟ್ಟು ಟ್ರೇಲರ್ ಎತ್ತಿದರೆ ಆ ಕೊಳವೆ ಬಾಗಿಬಿಡಬಹುದು. ಎತ್ತಿದ ಮೇಲೆ ಫ್ರೇಮಿನ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಟ್ರೇಲರ್ ಕೆಳಗೆ ಕೈ ಕೂಡ ಹಾಕಬೇಡಿ, ದಯವಿಟ್ಟು.

ಒಂದು ಸಲಕ್ಕೆ ಒಂದೇ ಸ್ಪ್ರಿಂಗ್ ಬಿಚ್ಚಿ. ಆಕ್ಸಲ್‌ನ ಇನ್ನೊಂದು ತುದಿ ಅದರ ಜಾಗದಲ್ಲೇ ಇದ್ದರೆ ಮತ್ತೆ ಕೂರಿಸುವುದು ಸುಲಭ. ಚಕ್ರ ತೆಗೆದು, ಆಕ್ಸಲ್ ಜೋಲು ಬೀಳದಂತೆ ಸ್ಪ್ರಿಂಗ್ ಕೂರುವ ಜಾಗದ ಹತ್ತಿರ ಚಿಕ್ಕ ಜಾಕ್ ಕೊಟ್ಟು, ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿದಿರುವ U ಆಕಾರದ ಯು-ಬೋಲ್ಟ್ ನಟ್‌ಗಳನ್ನು ಬಿಚ್ಚಿ. ಬ್ರೇಕಿನ ವೈರ್ ಅಲ್ಲೇ ಹತ್ತಿರ ಇರುತ್ತದೆ, ಎಳೆಯದಂತೆ ನೋಡಿಕೊಳ್ಳಿ. ಶಾಕಲ್ ಬೋಲ್ಟ್‌ಗಳ ತಲೆಯ ಕೆಳಗೆ ಹಲ್ಲುಗಳಿದ್ದು ಅವು ಕಬ್ಬಿಣಕ್ಕೆ ಕಚ್ಚಿಕೊಂಡಿರುತ್ತವೆ. ತಲೆ ತಿರುಗಿಸಿದರೆ ತೂತು ಹಾಳು. ನಟ್ ಮಾತ್ರ ತಿರುಗಿಸಿ, ಬೋಲ್ಟಿನ ತುದಿಯವರೆಗೆ ತಂದು, ಸುತ್ತಿಗೆಯಲ್ಲಿ ಹೊಡೆದು ಹೊರಗೆ ತಳ್ಳಿ.

ಕೂರಿಸುವುದು

ಬಿಚ್ಚಿರುವಾಗಲೇ ಶಾಕಲ್, ಬೋಲ್ಟ್, ಬುಷ್ ಎಲ್ಲ ಹೊಸದು ಹಾಕಿ. ಅಂಗಡಿಯಲ್ಲಿ ವೆಟ್ ಬೋಲ್ಟ್ ಕಿಟ್ ಕೇಳಿ. ಅದರಲ್ಲಿ ನೈಲಾನ್ ಬದಲು ಕಂಚಿನ ಬುಷ್, ಮತ್ತು ಗ್ರೀಸ್ ತುಂಬಲು ತೂತಿರುವ ಬೋಲ್ಟ್ ಇರುತ್ತವೆ. ನನ್ನ ಪ್ರಕಾರ ಈ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಖರ್ಚು ಇದೇ.

ಹ್ಯಾಂಗರ್‌ಗೆ (ಫ್ರೇಮಿನಿಂದ ಕೆಳಗೆ ಇಳಿದ ಕಬ್ಬಿಣದ ಹಿಡಿಕೆಗೆ) ನೇರವಾಗಿ ಸೇರುವ ತುದಿ ಮೊದಲು, ಶಾಕಲ್ ಕಡೆಯದು ಆಮೇಲೆ. ಬ್ಲೇಡ್‌ಗಳನ್ನು ಕೂಡಿಸುವ ನಡುವಿನ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ. ಕೂರದಿದ್ದರೆ ಆಕ್ಸಲ್ ಸೊಟ್ಟ ನಿಂತು ಟೈರ್ ತಿನ್ನುತ್ತದೆ. ಯು-ಬೋಲ್ಟ್ ಕೂಡ ಹೊಸದೇ ಆಗಬೇಕು, ಒಮ್ಮೆ ಬಿಗಿದದ್ದರ ಮರೆ (ಥ್ರೆಡ್) ಎಳೆದುಕೊಂಡಿರುತ್ತದೆ. ಅದನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಬನ್ನಿ, ಕೊನೆಗೆ ಆಕ್ಸಲ್ ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಹಾಕಿ. ಸ್ಪ್ರಿಂಗ್ ಕಣ್ಣಿನ ಬೋಲ್ಟ್ ಆ ಥರ ಅಲ್ಲ, ಅಲ್ಲಿ ಸ್ಪ್ರಿಂಗ್ ಸಲೀಸಾಗಿ ಆಡಬೇಕು.

ನಾಲ್ಕೂ ಮುಗಿದು ಕೆಳಗಿಳಿಸಿದ ಮೇಲೆ ಚಕ್ರದ ನಟ್ ಬಿಗಿಯಿರಿ. ಅರ್ಧ ಇಂಚಿನ ಸ್ಟಡ್ (ಚಕ್ರದ ಬೋಲ್ಟ್) ಆದರೆ ಸಾಮಾನ್ಯವಾಗಿ 90ರಿಂದ 120 ಫುಟ್-ಪೌಂಡ್. 10, 25, 50 ಮೈಲಿಗೆ ನಿಲ್ಲಿಸಿ ಮತ್ತೆ ನೋಡಿ. ಮೊದಲ ಪ್ರಯಾಣ ಮುಗಿದ ಮೇಲೆ ಯು-ಬೋಲ್ಟ್ ಕೂಡ. ಗ್ರೀಸ್ ತುಂಬುವಾಗ ಫ್ರೇಮ್ ಎತ್ತಿ ಭಾರ ಇಳಿಸಿಕೊಳ್ಳಿ, ಇಲ್ಲದಿದ್ದರೆ ಬುಷ್ ಒತ್ತಿಕೊಂಡ ಕಡೆಗೆ ಗ್ರೀಸ್ ಹೋಗುವುದಿಲ್ಲ.

ಬಿಚ್ಚಿದ ಹಳೆಯ ಸ್ಪ್ರಿಂಗ್‌ಗಳಲ್ಲಿ ಬಿರುಕಿಲ್ಲದ ಒಂದನ್ನು, ಜೊತೆಗೆ ಎರಡು ಬೋಲ್ಟ್, ಒಂದು ಜೊತೆ ಹೊಸ ಯು-ಬೋಲ್ಟ್ ಟ್ರೇಲರ್ ಮುಂದಿನ ಡಬ್ಬದಲ್ಲಿ ಇಟ್ಟುಕೊಂಡಿರಿ. ಪಾರ್ಕ್‌ಗಳ ದಾರಿಯಲ್ಲಿ ಅಂಗಡಿ ಸಿಗುವುದು ಎಷ್ಟೋ ಮೈಲಿಗೊಂದು.