ಕೊಯ್ಯುವ ಮೊದಲೇ ಕೆಡುವ ಕೆಲಸ: ಸ್ಕ್ರಾಲ್ ಸಾ ಕಲಿಯುವವರಿಗೆ

ಗಣಪತಿ ಹಬ್ಬಕ್ಕೆ ಎರಡು ವಾರ ಇರುವಾಗ ನಮ್ಮ ಬೀದಿಯ ಹುಡುಗನೊಬ್ಬ ಸ್ಕ್ರಾಲ್ ಸಾದಲ್ಲಿ, ಅಂದರೆ ತೆಳು ಬ್ಲೇಡ್ ಮೇಲೆ ಕೆಳಗೆ ಆಡುತ್ತ ಮರವನ್ನು ಬಳುಕು ಗೆರೆಗಳಲ್ಲಿ ಕೊಯ್ಯುವ ಯಂತ್ರದಲ್ಲಿ, ಕೊಯ್ದ ಪ್ಲೈವುಡ್ ಮಂಟಪದ ತುಂಡುಗಳನ್ನು ಅಕ್ಕಿ ಚೀಲದಲ್ಲಿ ತುಂಬಿಕೊಂಡು ಬಂದ. "ಅಣ್ಣಾ, ಪುಸ್ತಕದಾಗೆ ಇದ್ದಂಗೇ ಕೊಯ್ದೀನಿ, ಒಂದಕ್ಕೊಂದು ಕೂರವಲ್ವು" ಅಂದ. ಕೊಯ್ತ ಚೆನ್ನಾಗಿಯೇ ಇತ್ತು. ನಕ್ಷೆಯ ಕಚ್ಚುಗಳು (ಒಂದು ತುಂಡು ಇನ್ನೊಂದರೊಳಗೆ ಕೂರುವ ಸೀಳುಗಳು) ಮಾತ್ರ 1/8 ಇಂಚಿನ, ಅಂದರೆ ಸುಮಾರು 3.2 ಮಿ.ಮೀ. ಹಲಗೆಗೆ ಬರೆದವು. ಅವನು ತಂದದ್ದು 4 ಮಿ.ಮೀ. ಪ್ಲೈ. ದಾವಣಗೆರೆಯಲ್ಲಿ ಈ ಹವ್ಯಾಸಕ್ಕೆ ಕೈ ಹಾಕಿದ ನಾಲ್ಕಾರು ಜನರನ್ನು ನೋಡಿದ್ದೇನೆ. ಎಲ್ಲರೂ ಎಡವಿದ್ದು ಸ್ವಿಚ್ ಒತ್ತುವ ಮೊದಲೇ.

ಸಾಮಾನು. ಯಂತ್ರ ಯಾವುದಾದರೂ ಆಗಲಿ, ತುದಿಗಳಲ್ಲಿ ಅಡ್ಡ ಪಿನ್ ಇಲ್ಲದ 5 ಇಂಚಿನ ಬ್ಲೇಡ್ ಹಿಡಿಯುವಂಥದ್ದೇ ತಗೊಳ್ಳಿ. ಪಿನ್ ಇರುವ ಬ್ಲೇಡ್ ಸಣ್ಣ ತೂತಿನಲ್ಲಿ ತೂರುವುದಿಲ್ಲ, ಜಾಲರಿ ಕೆಲಸದ ಆಸೆ ಬಿಟ್ಟುಬಿಡಬೇಕಾಗುತ್ತದೆ. ಅಮೆರಿಕದಲ್ಲಿರುವ ಅಳಿಯ ತಂದುಕೊಟ್ಟ ಯಂತ್ರವಾದರೆ ಹಿಂದಿನ ಚೀಟಿ ಓದಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಫ್ರೆಟ್ ಸಾ (ಕಮಾನಿಗೆ ತೆಳು ಬ್ಲೇಡ್ ಬಿಗಿದ ಗರಗಸ) ಸಾಕು. ನಿಧಾನ, ಆದರೆ ಕೈ ಪಳಗುತ್ತದೆ.

ನಕ್ಷೆ. ಇಲ್ಲಿ ಅವಸರ ಬೇಡ. ಪುಸ್ತಕದ ಹಾಳೆಯನ್ನೇ ಕತ್ತರಿಸಿ ಅಂಟಿಸುವವರಿದ್ದಾರೆ. ದಯವಿಟ್ಟು ಜೆರಾಕ್ಸ್ ಮಾಡಿಸಿ. ಕಂಪ್ಯೂಟರಿನಿಂದ ಪ್ರಿಂಟ್ ತೆಗೆಸುವುದಾದರೆ ಅಂಗಡಿಯ ಹುಡುಗನಿಗೆ "ನೂರಕ್ಕೆ ನೂರು ಅಳತೆ" ಎಂದು ಹೇಳಿ, ಪಕ್ಕದಲ್ಲೇ ನಿಲ್ಲಿ. ಅಮೆರಿಕದ ನಕ್ಷೆಗಳ ಹಾಳೆ ಎಂಟೂವರೆ ಇಂಚು ಅಗಲ, ಅಂದರೆ 216 ಮಿ.ಮೀ. ನಮ್ಮ ಎ4 ಹಾಳೆ 210. ಯಂತ್ರ ತಾನಾಗಿಯೇ ಕುಗ್ಗಿಸಿ ಕೂರಿಸಿಬಿಟ್ಟರೆ 100 ಮಿ.ಮೀ. ಗೆರೆ 97 ಆಗಿರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸ್ಕೇಲಿಗೆ ಗೊತ್ತಾಗುತ್ತದೆ. ಹಾಗಾಗಿ ಅಳತೆ ಬರೆದಿರುವ ಗೆರೆಯೊಂದನ್ನು ಅಂಗಡಿಯಲ್ಲೇ ಅಳೆದು ನೋಡಿ.

ಕಚ್ಚುಗಳನ್ನಂತೂ ನಂಬಲೇಬೇಡಿ. 6 ಮಿ.ಮೀ. ಎಂದು ಮಾರುವ ಪ್ಲೈ ಅಳೆದರೆ ಐದೂವರೆ ಬಂದದ್ದನ್ನು ಕಂಡಿದ್ದೇನೆ. ನಿಮ್ಮ ಕೈಯಲ್ಲಿರುವ ಹಲಗೆಯನ್ನೇ ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದು, ಆ ಅಳತೆಗೆ ಕಚ್ಚನ್ನು ಪೆನ್ಸಿಲ್‌ನಲ್ಲಿ ತಿದ್ದಿ ಬರೆದು, ಒಂದು ಚೂರು ಹಲಗೆಯಲ್ಲಿ ಕೊಯ್ದು, ಕೂರಿಸಿ ನೋಡಿ. ಬೆರಳಿನಿಂದ ಒತ್ತಿದರೆ ಕೂರಬೇಕು. ಸುತ್ತಿಗೆ ಬೇಕಾದರೆ ಬಿಗಿ, ತಾನೇ ಜಾರಿದರೆ ಸಡಿಲ. ನಕ್ಷೆಯನ್ನು ಒಂದೂವರೆ ಪಟ್ಟು ದೊಡ್ಡದು ಮಾಡಿಸಿದರೆ 3.2ರ ಕಚ್ಚು 4.8 ಆಗಿ ಕೂತಿರುತ್ತದೆ ಎಂಬುದನ್ನೂ ಮರೆಯಬೇಡಿ.

ಅಂಟಿಸುವುದು. ಬಡಗಿಗಳ ಬಿಳಿ ಗಮ್ಮನ್ನು ಕಾಗದಕ್ಕೆ ಬಳಿದರೆ ಕಾಗದ ನೆನೆದು ಹಿಗ್ಗುತ್ತದೆ, ಗೆರೆ ಸೊಟ್ಟಗಾಗುತ್ತದೆ, ಕೊನೆಗೆ ಉಜ್ಜಿದರೂ ಬಿಡುವುದಿಲ್ಲ. ಮೊದಲು ಹಲಗೆಗೆ ಮಾಸ್ಕಿಂಗ್ ಟೇಪ್ ಸಾಲಾಗಿ ಹಚ್ಚಿ, ಅದರ ಮೇಲೆ ಗ್ಲೂ ಸ್ಟಿಕ್ಕಿನಿಂದ ನಕ್ಷೆ ಅಂಟಿಸಿ. ಕೆಲಸ ಮುಗಿದ ಮೇಲೆ ಟೇಪ್ ಎಳೆದರೆ ಎಲ್ಲವೂ ಒಟ್ಟಿಗೆ ಬರುತ್ತದೆ. ಸ್ಪ್ರೇ ಗಮ್ ಇದ್ದರೆ ಕಾಗದದ ಬೆನ್ನಿಗೆ ಹೊಡೆಯಿರಿ, ಮರಕ್ಕೆ ಬೇಡ. ಗಟ್ಟಿ ಮರವಾದರೆ ನಕ್ಷೆಯ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಒಂದು ಪದರ ಹಚ್ಚಿ. ಅಂಚು ಸುಟ್ಟು ಕಪ್ಪಾಗುವುದು ಕಡಿಮೆಯಾಗುತ್ತದೆ.

ಬ್ಲೇಡ್. ತೆಳು ಪ್ಲೈಗೆ 2 ಅಥವಾ 3ನೇ ನಂಬರ್, ಮುಕ್ಕಾಲು ಇಂಚಿನ ಮರಕ್ಕೆ 5. ಹಲ್ಲು ಕೆಳಮುಖವಾಗಿರಲಿ: ಬೆರಳನ್ನು ಹಗುರವಾಗಿ ಕೆಳಗಿನಿಂದ ಮೇಲಕ್ಕೆ ಸವರಿದರೆ ತರಚಬೇಕು. ಬಿಗಿದ ಮೇಲೆ ಮೀಟಿದರೆ ಏಕತಾರಿಯ ತಂತಿಯಂತೆ ಟಿಣ್ ಅನ್ನಬೇಕು. ದಪ್ ಅಂದರೆ ಸಡಿಲ. ಅಗ್ಗದ ಡಜನ್ ಬ್ಲೇಡ್ ಒಮ್ಮೆ ತಂದಿದ್ದೆ, ಸಂಜೆಯೊಳಗೆ ಏಳು ಮುರಿದವು. ಬ್ಲೇಡ್ ಒಂದರಲ್ಲಿ ಉಳಿತಾಯ ಬೇಡ.

ಕೊಯ್ತ. ನಕ್ಷೆಯಲ್ಲಿ ಕಪ್ಪಾಗಿರುವುದು ತೆಗೆಯುವ ಭಾಗ. ಅದರೊಳಗೆ 1.5 ಅಥವಾ 2 ಮಿ.ಮೀ. ಡ್ರಿಲ್ಲಿನಿಂದ ತೂತು ಹಾಕಿ, ಬ್ಲೇಡ್ ತೂರಿಸಿ. ಒಳಗಿನ ತೂತುಗಳೆಲ್ಲ ಮೊದಲು, ಹೊರ ಅಂಚು ಕಟ್ಟಕಡೆಗೆ. ಮೊದಲೇ ಹೊರಗೆ ಕೊಯ್ದರೆ ಹಿಡಿದುಕೊಳ್ಳಲು ಹಲಗೆಯೇ ಇರುವುದಿಲ್ಲ. ಮುಂದಕ್ಕೆ ತಳ್ಳಿ, ಪಕ್ಕಕ್ಕೆ ಒತ್ತಬೇಡಿ. ಗೆರೆ ಒಂದೇ ಕಡೆ ಎಳೆಯುತ್ತಿದ್ದರೆ ಗಾಬರಿ ಬೇಡ: ಬ್ಲೇಡಿನ ಒಂದು ಬದಿ ಸ್ವಲ್ಪ ಒರಟಾಗಿರುವುದರಿಂದ ಹಾಗಾಗುತ್ತದೆ. ಹಲಗೆಯನ್ನೇ ತುಸು ಓರೆಯಾಗಿ ಹಿಡಿದು ತಳ್ಳಿದರೆ ಸರಿಹೋಗುತ್ತದೆ. ಚೂಪು ಮೂಲೆಯಲ್ಲಿ ತುದಿ ಮುಟ್ಟಿ, ಎರಡು ಮಿ.ಮೀ. ಹಿಂದೆ ಬಂದು, ಕಪ್ಪು ಭಾಗದಲ್ಲಿ ಜಾಗ ಮಾಡಿಕೊಂಡು ಹಲಗೆ ತಿರುಗಿಸಿ. ಕರೆಂಟ್ ಹೋದ ತಕ್ಷಣ ಸ್ವಿಚ್ ಆರಿಸಿ. ಬೆರಳು ಬ್ಲೇಡಿನ ಹತ್ತಿರ ಇರುವಾಗಲೇ ಅದು ಮರಳಿ ಬಂದೀತು. ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ.

ಆಮೇಲೆ 220 ನಂಬರಿನ ಸ್ಯಾಂಡ್ ಪೇಪರ್ ಆಡಿಸಿ ಪಾಲಿಶ್ ಹಚ್ಚಿ, ಅಷ್ಟೇ.

ಪ್ರಿಂಟಾದ ನಕ್ಷೆಯಲ್ಲಿ ಕೈ ಕುದುರುವ ಮುನ್ನ ಸ್ವಂತ ನಕ್ಷೆ ಬೇಡ ಎನ್ನುವುದು ನನ್ನ ಹಟ. ಗಾಜಿನ ಮನೆಯ ಫೋಟೋ ನೋಡಿ ಕೊಯ್ಯಲು ಹೊರಟವರೊಬ್ಬರ ಸಣ್ಣ ಪಟ್ಟಿಗಳೆಲ್ಲ ಪಟಪಟನೆ ಮುರಿದುಹೋದವು. ಕನ್ನಡ ಅಕ್ಷರವಂತೂ ಇನ್ನೂ ಕಷ್ಟ. ಇಂಗ್ಲಿಷ್ ನಕ್ಷೆಗಳಲ್ಲಿ ಅಕ್ಷರ ಉದುರದಂತೆ ಅಲ್ಲಲ್ಲಿ ಸಣ್ಣ ಸೇತುವೆ ಬಿಟ್ಟಿರುತ್ತಾರೆ. ನಮ್ಮ ಅಕ್ಷರಕ್ಕೆ ಅದನ್ನು ನಾವೇ ಬರೆದುಕೊಳ್ಳಬೇಕು. 'ದಾವಣಗೆರೆ'ಗೆ ಒತ್ತಕ್ಷರದ ಕಾಟವಿಲ್ಲ. 'ಚಿತ್ರದುರ್ಗ'ದ ಅರ್ಕಾವೊತ್ತು ಮಾತ್ರ ಬಿಡಿಯಾಗಿ ಕೈಗೆ ಬರುತ್ತದೆ. ಅದಕ್ಕೂ 'ಗ'ಕ್ಕೂ ನಡುವೆ ಎರಡು ಮಿ.ಮೀ. ಮರ ಉಳಿಸಿ. ಮೊನ್ನೆ ಒಬ್ಬರು ಮನೆ ಬಾಗಿಲಿಗೆಂದು 'ಹಿರೇಮಠ' ಕೊಯ್ದು ತಂದಿದ್ದರು. ಎಲ್ಲ ಸರಿಯಾಗಿತ್ತು. 'ಠ'ದ ನಡುವಿನ ಬೊಟ್ಟು ಮಾತ್ರ ಅಂಗಿ ಜೇಬಿನಲ್ಲಿತ್ತು.