ಹಾಸನದ ಪುಟ ಮೊದಲು ತೆಗೆಯಿರಿ

ಶಿರಾಡಿ ಘಾಟಿಯಲ್ಲಿ ಫೋನಿನ ಸಿಗ್ನಲ್ ಹೋಗಿ ಬಂದು ಮಾಡುತ್ತದೆ ಅನ್ನೋದು ಹಾಸನದ ಎಲ್ಲ ಡ್ರೈವರುಗಳಿಗೂ ಗೊತ್ತು. ಅಲ್ಲಿ ನನಗೆ ಮ್ಯಾಪೇ ಬೇಕಾಗಿಲ್ಲ. ಸಕಲೇಶಪುರ ದಾಟಿ ದೋಣಿಗಾಲ್, ಮಾರನಹಳ್ಳಿ, ಗುಂಡ್ಯ, ಎಲ್ಲ ತಿರುವೂ ಕೈಗೆ ಗೊತ್ತು. ಅಟ್ಲಾಸ್, ಅಂದರೆ ರಸ್ತೆ ನಕ್ಷೆಗಳ ಪುಸ್ತಕ, ಬೇಕೇ ಬೇಕು ಅನ್ನಿಸಿದ್ದು ಊರಿಂದ ಆರುನೂರು ಕಿಲೋಮೀಟರ್ ಆಚೆ, ಸೊಲ್ಲಾಪುರದ ಹತ್ತಿರ, ಒಂದು ರೈಲ್ವೆ ಅಂಡರ್‌ಪಾಸ್ ಮುಂದೆ.

2017ರ ಚಳಿಗಾಲ. ನಲವತ್ತು ಅಡಿ ಕಂಟೇನರ್, ಅದೂ ಎತ್ತರದ್ದು, ಒಂಬತ್ತೂವರೆ ಅಡಿ. ಟ್ರೈಲರಿನ ಮೇಲೆ ಕೂತರೆ ನೆಲದಿಂದ ಹದಿನಾಲ್ಕೂವರೆ ಅಡಿ ಆಗುತ್ತದೆ. ರಾತ್ರಿ ಎರಡು ಗಂಟೆ ಇರಬಹುದು. ಮುಂದೆ ರಸ್ತೆ ಕೆಲಸ ನಡೆಯುತ್ತಿತ್ತು. ಫೋನು ಎಡಕ್ಕೆ ತಿರುಗು, ಒಂಬತ್ತು ಕಿಲೋಮೀಟರ್ ಉಳಿಯುತ್ತೆ ಅಂತು. ತಿರುಗಿದೆ. ಎರಡೂ ಕಡೆ ಕಬ್ಬು. ರಸ್ತೆ ಸಣ್ಣದಾಗುತ್ತಾ ಹೋಯಿತು, ಹಿಂದಕ್ಕೆ ತಿರುಗಿಸುವ ಜಾಗ ಎಲ್ಲೂ ಇಲ್ಲ. ಕೊನೆಗೆ ಲೈಟಿಗೆ ಕಂಡದ್ದು ಕಾಂಕ್ರೀಟಿನ ಚೌಕ, ಅದರ ಮೇಲೆ ಬೋರ್ಡು: 3.6 ಮೀಟರ್. ಹನ್ನೆರಡು ಅಡಿಯೂ ಇಲ್ಲ.

ಅಲ್ಲಿಂದ ಒಂದು ಕಿಲೋಮೀಟರಿಗೂ ಜಾಸ್ತಿ ರಿವರ್ಸ್ ಬಂದೆ. ಕ್ಲೀನರ್ ಹುಡುಗ ಟಾರ್ಚ್ ಹಿಡಿದು ಹಿಂದೆ ನಡೆಯುತ್ತಿದ್ದ. ಟ್ರೈಲರ್ ರಿವರ್ಸ್ ಅಂದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹಿಂದಿನ ಭಾಗ ಎಡಕ್ಕೆ ಹೋಗುತ್ತದೆ. ಸ್ವಲ್ಪ ಜಾಸ್ತಿ ಆದರೂ ಕುದುರೆ, ಅಂದರೆ ಎಂಜಿನ್ ಇರುವ ಮುಂದಿನ ಗಾಡಿ, ಒಂದು ಕಡೆ, ಟ್ರೈಲರ್ ಒಂದು ಕಡೆ ಮಡಿಚಿಕೊಳ್ಳುತ್ತದೆ. ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಸೊಲ್ಲಾಪುರದ ಕಡೆ ಕನ್ನಡ ಮಾತಾಡುವವರು ಬೇಕಾದಷ್ಟಿದ್ದಾರೆ. ಕಬ್ಬಿನ ಗದ್ದೆಗೆ ಹೊರಟಿದ್ದ ಅಜ್ಜ ಒಬ್ಬರು ಗಾಡಿ ನೋಡಿ ನಿಂತರು. “ಫೋನ್ ನೋಡ್ಕೋತ ಬರೋ ದೊಡ್ಡ ಗಾಡಿ ಎಲ್ಲಾ ಇಲ್ಲೇ ಬಂದ್ ನಿಲ್ತಾವ್ ನೋಡ್ರೀ” ಅಂದರು.

ಫೋನಿಗೆ ನಾನು ಕಾರೋ ಟ್ರೈಲರೋ ಗೊತ್ತಿಲ್ಲ. ಅದು ಹತ್ತಿರದ ದಾರಿ ಹೇಳುತ್ತದೆ, ಅಷ್ಟೆ. ಆ ವರ್ಷಗಳಲ್ಲಿ ರೈಲ್ವೆಯವರು ಕಾವಲಿಲ್ಲದ ಗೇಟುಗಳನ್ನು ತೆಗೆಯುತ್ತಾ ಬಂದರು. 2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜ್ ಹಳಿಗಳ ಮೇಲೆ ಅಂಥ ಗೇಟು ಒಂದೂ ಉಳಿಯಲಿಲ್ಲ. ಜೀವ ಉಳಿಸಿದ ಒಳ್ಳೆ ಕೆಲಸ ಅದು. ಆದರೆ ಎಷ್ಟೋ ಕಡೆ ಗೇಟಿನ ಜಾಗದಲ್ಲಿ ಹಳಿಯ ಕೆಳಗೆ ತಗ್ಗಾದ ಅಂಡರ್‌ಪಾಸ್ ಬಂತು. ಕಾರು, ಟ್ರಾಕ್ಟರು ದಾಟುತ್ತವೆ. ಕಂಟೇನರ್ ದಾಟಲ್ಲ.

ಪುಸ್ತಕದಲ್ಲೂ ಅಂಡರ್‌ಪಾಸಿನ ಎತ್ತರ ಬರೆದಿರುವುದಿಲ್ಲ. ಆದರೆ ರೈಲು ಹಳಿ ರಸ್ತೆಯನ್ನು ಎಲ್ಲಿ ದಾಟುತ್ತದೆ ಅಂತ ಇರುತ್ತದೆ. ಸಣ್ಣ ರಸ್ತೆಯ ಮೇಲೆ ಆ ಕಪ್ಪು ಗೆರೆ ಅಡ್ಡ ಬಂತು ಅಂದರೆ, ತಿರುಗುವ ಮೊದಲೇ ಯಾರನ್ನಾದರೂ ಕೇಳಬೇಕು. ಇಷ್ಟು ಗೊತ್ತಿದ್ದರೆ ಆ ರಾತ್ರಿ ನಾನು ಎಡಕ್ಕೆ ತಿರುಗುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಮಾಡಿದ ಮೊದಲ ಖರೀದಿ ತಪ್ಪಾಯಿತು. ಬಸ್ ಸ್ಟಾಂಡ್ ಹತ್ತಿರ ಸಿಕ್ಕಿದ ಒಂದು ಅಟ್ಲಾಸನ್ನು ರಟ್ಟು ನೋಡಿ ತಗೊಂಡೆ. ರಟ್ಟು ಹೊಸದು. ಮನೆಗೆ ಬಂದು ನೋಡಿದರೆ ಹಾಸನದ ಮೇಲೆ ಹೋಗುವ ರಸ್ತೆಗೆ 48 ಅಂತ ಬರೆದಿತ್ತು. ಬೆಂಗಳೂರು–ಮಂಗಳೂರು ರಸ್ತೆ 48 ಆಗಿದ್ದದ್ದು ಹಿಂದೆ. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳ ನಂಬರನ್ನೆಲ್ಲ ಬದಲಾಯಿಸಿತು. ನಮ್ಮದು 75 ಆಯಿತು. 48 ಅನ್ನೋದು ದೆಹಲಿಯಿಂದ ಮುಂಬೈ, ಪುಣೆ, ಹುಬ್ಬಳ್ಳಿ, ಬೆಂಗಳೂರು ಮೇಲೆ ಚೆನ್ನೈಗೆ ಹೋಗುವ ರಸ್ತೆಗೆ ಹೋಯಿತು. ಹಳೆ ಪುಸ್ತಕ ಹಿಡಿದು ರಸ್ತೆ ಬದಿಯ ಬೋರ್ಡಿನಲ್ಲಿ 48 ಹುಡುಕಿದರೆ ಬೇರೆ ದಿಕ್ಕಿಗೇ ಹೋಗುತ್ತೀರಿ. ಸೊಲ್ಲಾಪುರದಿಂದ ಮಂಗಳೂರಿಗೆ ಹಿಂದೆ ಒಂದೇ ನಂಬರು, 13. ಈಗ ಸೊಲ್ಲಾಪುರ–ವಿಜಯಪುರ 52, ಅಲ್ಲಿಂದ ಹೊಸಪೇಟೆ ಮೇಲೆ ಚಿತ್ರದುರ್ಗ 50, ಶಿವಮೊಗ್ಗದಿಂದ ಮಂಗಳೂರಿಗೆ 169.

ಎರಡನೇ ಸಲ ಬೆಂಗಳೂರಿನ ಅವೆನ್ಯೂ ರೋಡಿಗೆ ಹೋದೆ. ಮೂರು ಅಟ್ಲಾಸ್ ಪಕ್ಕಪಕ್ಕ ಇಟ್ಟುಕೊಂಡು ಅರ್ಧ ದಿನ ನೋಡಿದೆ. ಅಂಗಡಿಯವರು ಬೇಜಾರು ಮಾಡಿಕೊಳ್ಳಲಿಲ್ಲ. “ಯಾವ ಊರು ನೋಡ್ತಾ ಇದ್ದೀರಿ ಅಣ್ಣ?” ಅಂತ ಕೇಳಿದರು. “ನಮ್ಮೂರನ್ನೇ” ಅಂದೆ.

ಅಟ್ಲಾಸ್ ಆರಿಸುವುದರಲ್ಲಿ ನಾನು ಕಂಡುಕೊಂಡದ್ದು ಮುಖ್ಯವಾಗಿ ಇದೇ. ನಾಗಪುರದ ಪುಟ ಸರಿಯೋ ತಪ್ಪೋ ನನಗೆ ಹೇಗೆ ಗೊತ್ತಾಗಬೇಕು? ಹಾಸನದ ಪುಟ ಗೊತ್ತಾಗುತ್ತದೆ. ನಮ್ಮೂರಿನ ವಿಷಯದಲ್ಲಿ ತಪ್ಪು ಹೇಳುವ ಪುಸ್ತಕವನ್ನು ಪರಊರಿನ ವಿಷಯದಲ್ಲಿ ನಂಬೋಕಾಗಲ್ಲ. ಹಾಗಾಗಿ ಮೊದಲು 75 ನೋಡಿದೆ. ಆಮೇಲೆ ಬಿಳಿಕೆರೆಯಿಂದ ಹೊಳೆನರಸೀಪುರ, ಹಾಸನ ಮೇಲೆ ಬೇಲೂರಿಗೆ ಹೋಗುವ ರಸ್ತೆ. ಅದು 373 ಅಂತ ಇರಬೇಕು. ಮೂಡಿಗೆರೆಯಿಂದ ಚಿಕ್ಕಮಗಳೂರು, ಕಡೂರಿನ ಕಡೆಗೆ 173. ಈ ಎರಡೂ 73ರ ಕವಲು. 373 ಬೇಲೂರಿನಲ್ಲಿ 73ಕ್ಕೆ ಸೇರುತ್ತದೆ, 173 ಹೊರಡುವುದು ಮೂಡಿಗೆರೆಯಲ್ಲಿ 73ರಿಂದ. ಮೂರಂಕಿಯ ನಂಬರಿನಲ್ಲಿ ಕೊನೆಯ ಎರಡಂಕಿ ತಾಯಿ ರಸ್ತೆಯದು. ಇನ್ನೊಂದು: ಎರಡಂಕಿಯ ನಂಬರುಗಳಲ್ಲಿ ಉತ್ತರ–ದಕ್ಷಿಣ ಹೋಗುವ ರಸ್ತೆಗೆ ಸಮ ಸಂಖ್ಯೆ, ಪೂರ್ವ–ಪಶ್ಚಿಮಕ್ಕೆ ಬೆಸ ಸಂಖ್ಯೆ. ಶ್ರೀನಗರ–ಕನ್ಯಾಕುಮಾರಿ 44, ನಮ್ಮ ಕರಾವಳಿಯ ರಸ್ತೆ 66. ಇದು ತಲೆಯಲ್ಲಿದ್ದರೆ ಗೊತ್ತಿಲ್ಲದ ಸರ್ಕಲ್ಲಿನಲ್ಲಿ ನಿಂತಾಗ ಬೋರ್ಡಿನ ನಂಬರೇ ದಿಕ್ಕು ಹೇಳುತ್ತದೆ.

ಊರಿನ ಹೆಸರೂ ಪುಸ್ತಕದ ವಯಸ್ಸು ಹೇಳುತ್ತದೆ. 2014ರ ನವೆಂಬರ್ 1ರಿಂದ ನಮ್ಮ ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಬದಲಾಯಿತಲ್ಲ, ಚಿಕ್ಕಮಗಳೂರೂ ಸೇರಿ. ಬಿಜಾಪುರ, ಗುಲ್ಬರ್ಗ ಅಂತಲೇ ಇದ್ದರೆ ಅದಕ್ಕೂ ಹಿಂದಿನದು ಅಂತ ಅನುಮಾನ ಪಡಿ. ಅದೇ ವರ್ಷ ತೆಲಂಗಾಣ ಆಯಿತು. ಹೈದರಾಬಾದಿನ ಪುಟದಲ್ಲಿ ಆ ಗಡಿ ಇದೆಯಾ ನೋಡಿ. ಈಗ ಕೊಳ್ಳುವವರು 2017ರಲ್ಲಿ ಶುರುವಾದ ಹಾಸನ–ಶ್ರವಣಬೆಳಗೊಳ–ಬೆಂಗಳೂರು ರೈಲು ಹಳಿಯನ್ನೂ, 2021ರಲ್ಲಿ ಆದ ವಿಜಯನಗರ ಜಿಲ್ಲೆಯನ್ನೂ ಹುಡುಕಬೇಕು. ರಟ್ಟಿನ ಮೇಲಿನ ಇಸವಿ ನಾನು ನೋಡುವುದೇ ಇಲ್ಲ.

ಮೂರರಲ್ಲಿ ಒಂದು ಇಲ್ಲಿಗೇ ಬಿದ್ದುಹೋಯಿತು. ಉಳಿದ ಎರಡರಲ್ಲಿ ಚಾರ್ಮಾಡಿ ನೋಡಿದೆ. ಇದು ಟ್ರೈಲರಿನವರು ಗಮನ ಕೊಡಬೇಕಾದ ವಿಷಯ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ರಸ್ತೆಯೂ ರಾಷ್ಟ್ರೀಯ ಹೆದ್ದಾರಿಯೇ, 73. ಶಿರಾಡಿಯೂ ರಾಷ್ಟ್ರೀಯ ಹೆದ್ದಾರಿಯೇ. ಕಾಗದದ ಮೇಲೆ ಎರಡಕ್ಕೂ ಒಂದೇ ಕೆಂಪು ಗೆರೆ. ಆದರೆ ಚಾರ್ಮಾಡಿಯ ತಿರುವಿನಲ್ಲಿ ನಲವತ್ತು ಅಡಿ ತಿರುಗೋದಿಲ್ಲ, ಉದ್ದ ಗಾಡಿ ಬಿಡೋದೂ ಇಲ್ಲ. ಒಂದು ಅಟ್ಲಾಸಿನಲ್ಲಿ ಆ ಗೆರೆ ನೀಟಾಗಿ ನೇರಕ್ಕೆ ಇಳಿದಿತ್ತು. ಇನ್ನೊಂದರಲ್ಲಿ ಸುರುಳಿಸುರುಳಿಯಾಗಿತ್ತು, ಬೆಟ್ಟಕ್ಕೆ ಕಂದು ನೆರಳು ಹಾಕಿ ಘಾಟಿ ಅಂತ ಬರೆದಿತ್ತು. ನಾನು ನೋಡದ ಘಾಟಿಗಳು ದೇಶದಲ್ಲಿ ಎಷ್ಟಿಲ್ಲ? ಸುರುಳಿ ತೋರಿಸಿದ ಪುಸ್ತಕವನ್ನೇ ಎತ್ತಿಕೊಂಡೆ.

ಸ್ಕೇಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ತಗೊಂಡದ್ದು ಹತ್ತು ಲಕ್ಷಕ್ಕೆ ಒಂದರ ಸ್ಕೇಲು. ಅಂದರೆ ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್. ಹಾಸನದಿಂದ ಸಕಲೇಶಪುರ ಸುಮಾರು ನಾಲ್ಕು ಸೆಂಟಿಮೀಟರ್, ಒಂದು ಬೆರಳಿನ ಎರಡು ಗಿಣ್ಣು. ಇದಕ್ಕಿಂತ ತೀರಾ ಸಣ್ಣ ಸ್ಕೇಲಿನಲ್ಲಿ ಇಡೀ ದೇಶ ನಾಲ್ಕಾರು ಪುಟದಲ್ಲಿ ಮುಗಿಯುತ್ತದೆ, ಬೈಪಾಸ್ ಕಾಣಲ್ಲ. ಟ್ರೈಲರಿಗೆ ಬೈಪಾಸ್ ಕಾಣದ ನಕ್ಷೆ ಉಪಯೋಗವಿಲ್ಲ, ಊರೊಳಗೆ ಹಗಲು ಬಿಡೋದಿಲ್ಲವಲ್ಲ. ದೊಡ್ಡ ಸ್ಕೇಲಿನದು, ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರಿನದು, ನೋಡೋಕೆ ಚೆಂದ. ಪ್ರತಿ ಹಳ್ಳಿ ಇರುತ್ತದೆ. ಆದರೆ ಒಂದು ದಿನದ ಓಟಕ್ಕೆ ಆರೇಳು ಪುಟ ತಿರುವಬೇಕು. ಲೋಡ್ ಇದ್ದರೆ ನಾನು ದಿನಕ್ಕೆ ಮುನ್ನೂರೈವತ್ತು ಕಿಲೋಮೀಟರ್ ಓಡುತ್ತೇನೆ. ಒಂದು ದಿನದ ಓಟ ಎರಡು ಎದುರುಬದುರು ಪುಟದಲ್ಲಿ ಮುಗಿಯಬೇಕು. ಇದು ನನ್ನ ಅಳತೆ.

ಅಳೆಯೋಕೆ ಹೊಲಿಗೆ ದಾರ ಇಟ್ಟುಕೊಂಡಿದ್ದೇನೆ. ಐದು ಸೆಂಟಿಮೀಟರಿಗೆ ಒಂದು ಗಂಟು, ಒಂದು ಗಂಟಿಗೆ ಐವತ್ತು ಕಿಲೋಮೀಟರ್. ರಸ್ತೆಯ ಗೆರೆ ಮೇಲೆ ದಾರವನ್ನು ಬೆರಳಿನಿಂದ ಒತ್ತುತ್ತಾ ಹೋಗಬೇಕು. ಬಯಲಲ್ಲಿ ಬಂದ ಲೆಕ್ಕಕ್ಕೆ ಹತ್ತರಲ್ಲಿ ಒಂದು ಭಾಗ ಸೇರಿಸುತ್ತೇನೆ, ಘಾಟಿಯಲ್ಲಿ ಕಾಲು ಭಾಗ. ಎರಡು ಊರಿನ ನಡುವೆ ಅಚ್ಚಾದ ಅಂಕಿಗಳಿದ್ದರೆ ಅವನ್ನೂ ಕೂಡಿಸಿ ತಾಳೆ ನೋಡುತ್ತೇನೆ.

ಕೊಳ್ಳುವ ಮೊದಲು ಮಾಡಿದ ಇನ್ನೊಂದು ಕೆಲಸ ಅಂಗಡಿಯವರಿಗೂ ಹಿಡಿಸಿತು. ಪುಸ್ತಕವನ್ನು ಒಳಗಿನ ಮೂಲೆಗೆ ತಗೊಂಡು ಹೋಗಿ, ಫೋನಿನ ಟಾರ್ಚಿಗೆ ಕರವಸ್ತ್ರ ಸುತ್ತಿ ಮಂಕು ಬೆಳಕು ಮಾಡಿ ನೋಡಿದೆ. ಕ್ಯಾಬಿನ್ನಿನ ಬೆಳಕು ಹಾಗೇ ಇರೋದು. ಹಳದಿ ಬಣ್ಣದಲ್ಲಿ ಅಚ್ಚಾದ ರಾಜ್ಯ ಹೆದ್ದಾರಿಗಳು ಒಂದು ಪುಸ್ತಕದಲ್ಲಿ ಪೂರಾ ಮಾಯವಾದವು. ಹೊಳೆಯುವ ಕಾಗದವೂ ಬೇಡ. ಬೆಳಕು ಕಣ್ಣಿಗೆ ಹೊಡೆಯುತ್ತದೆ, ಪೆನ್ಸಿಲ್ ಹಿಡಿಯೋದಿಲ್ಲ. ಬೈಂಡಿಂಗ್ ಸುರುಳಿ ತಂತಿಯದಾದರೆ ಪುಟ ಪೂರ್ತಿ ಹಿಂದಕ್ಕೆ ಮಡಚುತ್ತದೆ. ಅಂಟಿನದಾದರೆ ನಡುವಿನ ಮಡಿಕೆಯಲ್ಲಿ ಒಂದು ಊರು ಸಿಕ್ಕಿಹಾಕಿಕೊಂಡಿರುತ್ತದೆ.

2018ರ ಆಗಸ್ಟ್ ಮಳೆಗೆ ಶಿರಾಡಿ ಕುಸಿಯಿತು. ಮಡಿಕೇರಿ ಕಡೆ ಸಂಪಾಜೆ ದಾರಿಯೂ ಹೋಯಿತು. ನಾನು ಮಂಗಳೂರಿನ ಪಣಂಬೂರಿನಲ್ಲಿ ಲೋಡ್ ಇಳಿಸಿ ಖಾಲಿ ಗಾಡಿ ಇಟ್ಟುಕೊಂಡು ನಿಂತಿದ್ದೆ. ಹಾಸನ ಅಲ್ಲಿಂದ ನೂರೆಪ್ಪತ್ತು ಕಿಲೋಮೀಟರ್, ಬರೋಕೆ ದಾರಿಯಿಲ್ಲ. ಜೊತೆಗಿದ್ದ ನಾಲ್ಕು ಡ್ರೈವರುಗಳು ಕಾಯೋಣ ಅಂದರು. ಸೀಟಿನ ಮೇಲೆ ಅಟ್ಲಾಸ್ ಹರಡಿ ದಾರ ಹಾಕಿದೆವು. ಕುಂದಾಪುರ ಮೇಲೆ ಅಂಕೋಲಾ, ಅಲ್ಲಿಂದ ಯಲ್ಲಾಪುರದ ಘಾಟಿ ಹತ್ತಿ ಹುಬ್ಬಳ್ಳಿ, ದಾವಣಗೆರೆ, ಹಿರಿಯೂರು, ಹುಳಿಯಾರು, ಅರಸೀಕೆರೆ. ಏಳುನೂರೈವತ್ತಕ್ಕೂ ಮೇಲೆ ಬಂತು. ಹರಿಹರದಿಂದ ಶಿವಮೊಗ್ಗ ಮೇಲೆ ಬಂದರೆ ಸ್ವಲ್ಪ ಹತ್ತಿರ ಅಂತ ದಾರ ಹೇಳಿತು, ಮಳೆಯಲ್ಲಿ ದೊಡ್ಡ ರಸ್ತೆಯೇ ಇರಲಿ ಅಂತ ನಾನು ಬಿಟ್ಟೆ. ಖಾಲಿ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಅಂದರೂ ಇನ್ನೂರು ಲೀಟರ್ ಡೀಸೆಲ್. ಕಾಯುತ್ತಾ ಕೂತರೆ ಹಾಸನದಲ್ಲಿ ಒಪ್ಪಿಕೊಂಡ ಬಾಡಿಗೆ ಹೋಗುತ್ತದೆ, ಕಂತು ಕಟ್ಟೋದು ತಪ್ಪುತ್ತದೆ. ಲೆಕ್ಕ ಕಣ್ಣ ಮುಂದೆ ಇದ್ದದ್ದರಿಂದ ಹೊರಡುವುದು ಸುಲಭವಾಯಿತು. ಮೂರನೇ ದಿನ ಮನೆಗೆ ಬಂದೆ. ಶಿರಾಡಿಯಲ್ಲಿ ಭಾರಿ ಗಾಡಿ ಬಿಡೋಕೆ ವಾರಗಟ್ಟಲೆ ಹಿಡಿಯಿತು.

ಅಟ್ಲಾಸ್ ಇಂಗ್ಲಿಷಿನಲ್ಲಿ ಇರೋದು ನಮ್ಮಲ್ಲಿ ಕೆಲವರಿಗೆ ಕಷ್ಟ ಅಂತ ಗೊತ್ತು. ಆಂಧ್ರದಲ್ಲಿ ತೆಲುಗು ಬೋರ್ಡನ್ನು ನಾವು ಹೇಗೋ ಓದಿಬಿಡುತ್ತೇವೆ, ತಮಿಳುನಾಡಿನಲ್ಲಿ ಅದಾಗಲ್ಲ. ನಾನು ಹೋಗುವ ದಾರಿಯ ಊರುಗಳಿಗೆಲ್ಲ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡಿದ್ದೇನೆ. ಡಾಬಾದಲ್ಲಿ ಪಂಜಾಬಿನ ಡ್ರೈವರ್ ಎದುರು ಪುಸ್ತಕ ಬಿಚ್ಚಿಟ್ಟರೆ ಭಾಷೆ ಜಾಸ್ತಿ ಬೇಕಾಗಲ್ಲ. ಅವರು ಬೆರಳಿಟ್ಟು ತೋರಿಸುತ್ತಾರೆ, ಇಲ್ಲಿ ಬೇಡ, ಇಲ್ಲಿ ಹೋಗು ಅಂತ. ನಾನು ಅಲ್ಲೇ ಗುರುತು ಹಾಕಿಕೊಳ್ಳುತ್ತೇನೆ. ಚಿಕ್ಕ ಫೋನಿನ ಮೇಲೆ ಇಬ್ಬರು ಬಗ್ಗಿ ನೋಡಿ ಇಷ್ಟು ಮಾತಾಡೋಕಾಗಲ್ಲ. ಫೋನ್ ಬಿಟ್ಟಿಲ್ಲ, ಮುಂದೆ ಜಾಮ್ ಇದೆಯಾ, ಬಂಕ್ ಎಲ್ಲಿದೆ ಅಂತ ಅದನ್ನೇ ನೋಡೋದು. ಆದರೆ ತಿರುಗುವ ತೀರ್ಮಾನ ಪುಸ್ತಕ ನೋಡಿಯೇ.

ಹೋದ ವರ್ಷ ಹೊಸ ಅಟ್ಲಾಸ್ ತಂದೆ. ಮತ್ತೆ ಹಾಸನದ ಪುಟದಿಂದಲೇ ಶುರು ಮಾಡಿ ಆರಿಸಿದೆ. ಹಳೆಯದರ ಗುರುತುಗಳನ್ನು ಅದಕ್ಕೆ ಇಳಿಸೋಕೆ ಎರಡು ರಾತ್ರಿ ಬೇಕಾಯಿತು. ಮಗಳು ಹಳೆಯದನ್ನು ಓದಿ ಹೇಳುತ್ತಿದ್ದಳು, ನಾನು ಹೊಸದರಲ್ಲಿ ಬರೆಯುತ್ತಿದ್ದೆ. ಸುತ್ತು ಹಾಕಿದ್ದರೆ ರಾತ್ರಿ ನಿಲ್ಲಿಸುವ ಜಾಗ. ‘ಸೇ’ ಅಂದರೆ ಕಿರಿದಾದ ಸೇತುವೆ. ‘ನೀ’ ಅಂದರೆ ಸ್ನಾನಕ್ಕೆ ಒಳ್ಳೆ ನೀರು.

“ಅಪ್ಪಾ, ಸೊಲ್ಲಾಪುರದ ಹತ್ರ ಕೆಂಪು ಪೆನ್ನಲ್ಲಿ ದೊಡ್ಡ ಅಡ್ಡಗೆರೆ ಇದೆ. ಏನೂ ಬರೆದಿಲ್ಲ.”

“ಹನ್ನೆರಡು ಅಡಿ ಅಂತ ಬರಿ ಪುಟ್ಟಿ” ಅಂದೆ. ಪೆನ್ನು ಅವಳ ಕೈಗೇ ಕೊಟ್ಟೆ. ಹೊಸ ಪುಟದಲ್ಲಿ ಅದು ಅವಳ ಅಕ್ಷರದಲ್ಲೇ ಇದೆ.